ಕೊಲೆಸ್ಟ್ರಾಲ್ ನಾರ್ಮಲ್, ಆದ್ರೆ ಈ ಒಂದು ಟೆಸ್ಟ್ ಮಾಡಿಸಿದ್ದೀರಾ?

"ಅಪ್ಪಂಗೆ 45ಕ್ಕೇ ಹಾರ್ಟ್ ಅಟ್ಯಾಕ್ ಆಯ್ತು. ನನ್ನ ಕೊಲೆಸ್ಟ್ರಾಲ್ ನಾರ್ಮಲ್ ಇದೆ. ನಾನು ಸೇಫ್ ತಾನೇ?" ಹೀಗೆ ಕೇಳೋರಿಗೆ ನಾನು ಒಂದು ಹೆಸರು ಹೇಳ್ತೀನಿ: ಲಿಪೊಪ್ರೋಟೀನ್ ಎ.

ಇದು ಎಲ್‌ಡಿಎಲ್ ಥರದ್ದೇ ಕಣ. ಮೈಗೆ ಇನ್ನೊಂದು ಪ್ರೋಟೀನ್ ಅಂಟಿಕೊಂಡಿರುತ್ತೆ, ಅಷ್ಟೇ. ರಕ್ತದಲ್ಲಿ ಇದು ಜಾಸ್ತಿ ಇದ್ದರೆ ಹೃದಯದ ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕಟ್ಟಿಕೊಳ್ಳೋ ಅಪಾಯವೂ ಜಾಸ್ತಿ. 1963ರಲ್ಲೇ ನಾರ್ವೆಯ ಕೋರೆ ಬರ್ಗ್ ಇದನ್ನು ಗುರುತಿಸಿದ್ದರು. ಆದರೂ ಮಾಮೂಲಿ ಲಿಪಿಡ್ ಪ್ರೊಫೈಲ್‌ನಲ್ಲಿ ಇದು ಬರಲ್ಲ. ಬೇರೆಯಾಗಿ ಕೇಳಿ ಮಾಡಿಸಬೇಕು.

ಇದರ ಮಟ್ಟ ಬಹುಪಾಲು ಹುಟ್ಟಿನಿಂದಲೇ ಬಂದಿರುತ್ತೆ. ಎಣ್ಣೆ ತಿಂಡಿ ಬಿಟ್ಟರೂ, ದಿನಾ ಓಡಿದರೂ ಹೆಚ್ಚೇನೂ ಇಳಿಯಲ್ಲ. ಹಾಗಾಗಿ ಬಹುತೇಕರಿಗೆ ಜೀವನದಲ್ಲಿ ಒಂದು ಸಲ ಟೆಸ್ಟ್ ಮಾಡಿಸಿದರೆ ಸಾಕು. ಡೆಸಿಲೀಟರಿಗೆ 50 ಮಿಲಿಗ್ರಾಂ ದಾಟಿದರೆ ಜಾಸ್ತಿ ಅಂತ ಲೆಕ್ಕ. ಜಗತ್ತಿನಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಹೀಗಿರುತ್ತೆ.

"ಇಳಿಸೋಕೆ ಆಗಲ್ಲ ಅಂದ್ಮೇಲೆ ತಿಳ್ಕೊಂಡು ಏನು ಪ್ರಯೋಜನ?" ಪ್ರಯೋಜನ ಇದೆ. ನಮ್ಮ ಕೈಲಿ ಇರೋದನ್ನ ಬಿಗಿ ಮಾಡಬಹುದು. ಸಿಗರೇಟ್ ಬಿಡೋದು, ಬಿಪಿ, ಶುಗರ್ ಹತೋಟಿಯಲ್ಲಿ ಇಡೋದು, ಎಲ್‌ಡಿಎಲ್ ಬೇರೆಯವರಿಗಿಂತ ಇನ್ನೂ ಕೆಳಗೆ ಇಳಿಸೋದು. ಅದಕ್ಕೆ ಮಾತ್ರೆ ಬೇಕಾ ಅಂತ ಡಾಕ್ಟರ್ ನಿರ್ಧರಿಸುವಾಗ ಈ ನಂಬರ್ ಕೆಲಸಕ್ಕೆ ಬರುತ್ತೆ.

ಅಪ್ಪನಿಗೆ 55ರೊಳಗೆ ಅಥವಾ ಅಮ್ಮನಿಗೆ 65ರೊಳಗೆ ಹೃದಯಾಘಾತ ಆಗಿದ್ದರೆ ತಡ ಮಾಡಬೇಡಿ. ನಿಮಗೆ ಜಾಸ್ತಿ ಬಂತಾ? ಒಡಹುಟ್ಟಿದವರಿಗೂ ಹೇಳಿ. ಅದೇ ರಕ್ತ ಅವರದ್ದೂ.