ಚರ್ಮದೊಳಗಿನ ರಫುಗಾರರು

ಆದವಾನಿ, ಆಲೂರು, ಮಂತ್ರಾಲಯದ ಕಡೆಯ ಮಕ್ಕಳಿಗೆ ಬಿಸಿಲು ಎಂಥದ್ದೆಂದು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಬಿಸಿಲಿನಲ್ಲಿ ಕಣ್ಣಿಗೆ ಕಾಣದ, ಸುಡುತ್ತಿದೆ ಎಂದೂ ಅನ್ನಿಸದ ಒಂದು ಪಾಲಿದೆ: ನೇರಳಾತೀತ ಕಿರಣ. ಮೋಡ ಕವಿದ ದಿನವೂ ಅದು ಬಂದೇ ಬರುತ್ತದೆ.

ನಮ್ಮ ಜೀವಕೋಶಗಳಲ್ಲಿ ಡಿಎನ್‌ಎ ಎಂಬ ಉದ್ದನೆಯ ಜೋಡಿ ಎಳೆ ಇದೆ. ಮೈ ಹೇಗೆ ಬೆಳೆಯಬೇಕು, ಹೇಗೆ ನಡೆಯಬೇಕು ಎಂಬುದೆಲ್ಲ ಅದರಲ್ಲಿ ನಾಲ್ಕೇ ಅಕ್ಷರಗಳಲ್ಲಿ ಬರೆದಿದೆ. ಅವುಗಳಲ್ಲಿ ಒಂದು ಥೈಮಿನ್. ನೇರಳಾತೀತ ಕಿರಣ ಬಿದ್ದರೆ ಅಕ್ಕಪಕ್ಕದ ಎರಡು ಥೈಮಿನ್‌ಗಳು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಇದು ನಿಮಗೂ ಆಗುತ್ತದೆ, ನನಗೂ ಆಗುತ್ತದೆ. ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ಇದನ್ನು ಬಹಳಷ್ಟು ತಡೆಯುತ್ತದೆ, ಪೂರ್ತಿ ಅಲ್ಲ.

ಹತ್ತಿಯ ಊರಿನವರಲ್ಲವೇ ನೀವು? ಹರಿದ ಬಟ್ಟೆಗೆ ರಫು ಹಾಕುವುದನ್ನು ನೋಡಿರಬಹುದು. ಜೀವಕೋಶದೊಳಗೂ ಅಂಥ ರಫುಗಾರರಿದ್ದಾರೆ, ಅವರೆಲ್ಲ ಪ್ರೋಟೀನುಗಳು. ಒಬ್ಬ ಹಾಗೆ ಅಂಟಿಕೊಂಡು ಕೆಟ್ಟ ಜಾಗವನ್ನು ಹುಡುಕುತ್ತಾನೆ, ಇನ್ನಿಬ್ಬರು ಅಲ್ಲಿ ಎಳೆ ಬಿಡಿಸುತ್ತಾರೆ, ಮತ್ತಿಬ್ಬರು ಆಚೆಗೊಮ್ಮೆ ಈಚೆಗೊಮ್ಮೆ ಕತ್ತರಿಸಿ ಸುಮಾರು 30 ಅಕ್ಷರಗಳ ತುಂಡನ್ನು ತೆಗೆದೆಸೆಯುತ್ತಾರೆ. ಆಮೇಲೆ ಎದುರಿನ ಎಳೆಯನ್ನು ನೋಡಿಕೊಂಡು ಹೊಸ ಎಳೆ ನೇಯುವುದು. ಈ ಕೆಲಸದ ಗುಟ್ಟು ಬಿಡಿಸಿದ ವಿಜ್ಞಾನಿ ಅಜೀಜ್ ಸಂಜಾರ್ 2015ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು.

ಬಹಳ ಅಪರೂಪಕ್ಕೆ ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಈ ರಫುಗಾರರಲ್ಲೊಬ್ಬ ಕೆಲಸ ಮಾಡುವುದಿಲ್ಲ. ಕಾಯಿಲೆಯ ಹೆಸರು ಕ್ಸೀರೋಡರ್ಮಾ ಪಿಗ್ಮೆಂಟೋಸಮ್. ಬಾಯಿ ತಿರುಗದಿದ್ದರೆ ಎಕ್ಸ್‌ಪಿ ಎನ್ನಿ, ಡಾಕ್ಟರುಗಳೂ ಹಾಗೇ ಅನ್ನುತ್ತಾರೆ. ಮೂಲ ದೋಷ ಡಿಎನ್‌ಎ ರಿಪೇರಿಯಲ್ಲಿದೆ ಎಂದು 1968ರಲ್ಲಿ ತೋರಿಸಿದವರು ವಿಜ್ಞಾನಿ ಜೇಮ್ಸ್ ಕ್ಲೀವರ್. ಮಗುವಿಗೆ ಎರಡು ವರ್ಷ ತುಂಬುವ ಹೊತ್ತಿಗೇ ಮುಖದ ಮೇಲೆ, ಕೈಮೇಲೆ ಚುಕ್ಕೆಗಳೇಳುತ್ತವೆ. ಕಣ್ಣು ಬೆಳಕು ತಾಳುವುದಿಲ್ಲ. ಸರಿಯಾಗದ ತಪ್ಪುಗಳು ಕೂಡುತ್ತಾ ಹೋಗಿ, ಕೋಶಗಳು ಹತೋಟಿ ಮೀರಿ ಬೆಳೆದರೆ ಅದೇ ಚರ್ಮದ ಕ್ಯಾನ್ಸರ್. ಬಿಸಿಲಿಂದ ಕಾಪಾಡದಿದ್ದರೆ ಹತ್ತು ವರ್ಷದೊಳಗೇ ಬರಬಹುದು.

ಇದು ಮುಟ್ಟಿದರೆ ಅಂಟುವುದಿಲ್ಲ, ಯಾರ ಶಾಪವೂ ಅಲ್ಲ. ಒಬ್ಬೊಬ್ಬ ರಫುಗಾರನನ್ನು ತಯಾರಿಸುವ ಡಿಎನ್‌ಎ ಬರಹದ ತುಂಡಿಗೆ ಜೀನ್ ಎನ್ನುತ್ತಾರೆ. ಅಂಥ ಪ್ರತಿ ಜೀನ್ ನಮಗೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತದೆ. ಒಂದು ಕೆಟ್ಟಿದ್ದರೂ ಇನ್ನೊಂದು ಸಂಭಾಳಿಸುತ್ತದೆ. ಎರಡೂ ಕೆಟ್ಟಿದ್ದರೆ ಮಾತ್ರ ಕಾಯಿಲೆ. ನಮ್ಮ ಕಡೆ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವುದುಂಟಲ್ಲ, ಅಲ್ಲಿ ಒಂದೇ ಅಜ್ಜ-ಅಜ್ಜಿಯ ಕೆಟ್ಟ ಜೀನ್ ಎರಡೂ ಕಡೆಯಿಂದ ಮಗುವಿಗೆ ಬರುವ ಸಾಧ್ಯತೆ ಹೆಚ್ಚು.

ಬೇರಿನಿಂದ ಕೀಳುವ ಔಷಧ ಇನ್ನೂ ಬಂದಿಲ್ಲ, ಬಿಸಿಲಿನಿಂದ ಕಾಪಾಡುವುದೇ ದಾರಿ. ತುಂಬುತೋಳಿನ ದಪ್ಪ ಅಂಗಿ, ಅಗಲ ಟೋಪಿ, ಕನ್ನಡಕ, ಬಿಸಿಲು ತಡೆಯುವ ಮುಲಾಮು. ಕಿಟಕಿ ಗಾಜು ಮುಚ್ಚಿದರೆ ಸಾಲದು, ಒಂದು ಬಗೆಯ ನೇರಳಾತೀತ ಕಿರಣ ಅದರಲ್ಲೂ ತೂರಿಬರುತ್ತದೆ. ಅದಕ್ಕೇ ಗಾಜಿಗೆ ಆ ಕಿರಣವನ್ನು ತಡೆಯುವ ಹಾಳೆ ಅಂಟಿಸುತ್ತಾರೆ. ಆಟವೆಲ್ಲ ಹೊತ್ತು ಮುಳುಗಿದ ಮೇಲೆ. ಬಿಸಿಲು ಬಿದ್ದರೆ ಚರ್ಮ ತಾನೇ ತಯಾರಿಸುವ ವಿಟಮಿನ್ ಡಿ ಈ ಮಕ್ಕಳಿಗೆ ಸಾಲದೆ ಹೋಗುವುದರಿಂದ, ಡಾಕ್ಟರು ಅದನ್ನು ಔಷಧವಾಗಿ ಕೊಡುತ್ತಾರೆ.