ಸಿಡಿಯುವ ಹನಿ, ಪೋಲಾಗುವ ನೀರು



ಉಳಿತಾಯ, ಸಾಲ ಮರುಪಾವತಿ ಬಗ್ಗೆ ನಾವು ಪ್ರತಿ ಸಭೆಯಲ್ಲೂ ಮಾತಾಡ್ತೇವೆ. ಇವತ್ತು ನಾಚಿಕೆಯಿಂದ ಮುಚ್ಚಿಡುವ ಒಂದು ವಿಷಯ ಮಾತಾಡೋಣ. ಅದು ಸಾರ್ವಜನಿಕ ಮೂತ್ರಾಲಯ.

ಸಂತೆ, ಆಸ್ಪತ್ರೆ, ಬ್ಯಾಂಕು ಅಂತ ಪೇಟೆಗೆ ಹೊರಟ ದಿನ ನಮ್ಮಲ್ಲಿ ಎಷ್ಟೋ ಜನ ಬೆಳಗ್ಗಿನಿಂದ ನೀರೇ ಕುಡಿಯೋದಿಲ್ಲ. ಯಾಕೆ? ಬಸ್ ಸ್ಟ್ಯಾಂಡಿನ ಮೂತ್ರಾಲಯದ ಒದ್ದೆ ನೆಲಕ್ಕೆ ಕಾಲಿಡಲು ಹೇಸಿಗೆ. ಆದರೆ ನೀರು ಕುಡಿಯದೆ, ಮೂತ್ರ ತಡೆದುಕೊಂಡೇ ಇದ್ದರೆ ಉರಿಮೂತ್ರ, ಮೂತ್ರದ ಸೋಂಕು ಬರುವ ಸಂಭವ ಹೆಚ್ಚು. ಗರ್ಭಿಣಿಯರಿಗಂತೂ ಈ ಸೋಂಕು ಅಪಾಯ. ಹಾಗಾಗಿ ನೆಲ ಒಣಗಿರಬೇಕು ಅನ್ನೋದು ನಮ್ಮ ಆರೋಗ್ಯದ ಪ್ರಶ್ನೆ.

ನೆಲ ಹೊಲಸಾಗಲು ಒಂದು ಮುಖ್ಯ ಕಾರಣ ಸಿಡಿಯುವ ಹನಿ. ನಲ್ಲಿ ಕೆಳಗೆ ಒಂದು ತಟ್ಟೆಯನ್ನು ಮಟ್ಟವಾಗಿ ಹಿಡಿದು ನೋಡಿ, ಸೀರೆಯೆಲ್ಲ ಒದ್ದೆ. ಅದೇ ತಟ್ಟೆಯನ್ನು ಚೆನ್ನಾಗಿ ಓರೆ ಮಾಡಿ, ನೀರು ಸುಮ್ಮನೆ ಜಾರಿ ಹೋಗುತ್ತೆ. ಮೂತ್ರದ ಧಾರೆಯೂ ಅಷ್ಟೇ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾನಿಲಯದ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಧಾರೆ 30 ಡಿಗ್ರಿಗಿಂತ ಕಡಿಮೆ ಓರೆಯಲ್ಲಿ ತಾಗಿದರೆ ಸಿಡಿಯುವುದು ತೀರಾ ಕಡಿಮೆಯಾಗುತ್ತದೆ.

ಹಾಗಾದರೆ ನಾವು ಏನು ಮಾಡಬೇಕು?

ಮೊದಲನೆಯದಾಗಿ, ಹೇಸಿಗೆಯಿಂದ ಅರ್ಧ ನಿಂತು ಹೋಗಬೇಡಿ. ಎತ್ತರದಿಂದ ಬಿದ್ದಷ್ಟೂ ಹೆಚ್ಚು ಸಿಡಿಯುತ್ತೆ. ಪಾದ ಇಡುವ ಜಾಗದಲ್ಲೇ ಕಾಲಿಟ್ಟು ಪೂರ್ತಿ ಕೂತುಕೊಳ್ಳಿ. ಧಾರೆ ಬೇಸಿನ್ನಿನ ಇಳಿಜಾರಿಗೆ ಬೀಳಲಿ.

ಎರಡನೆಯದಾಗಿ, ಕೂರುವ ಮೊದಲು ಸ್ವಲ್ಪ ನೀರು ಹಾಕಿ ಬೇಸಿನ್ ಒದ್ದೆ ಮಾಡಿ. ಆಮೇಲೆ ಮಗ್ಗನ್ನು ತಗ್ಗಿಸಿ ಹಿಡಿದು ಒಂದೇ ಸಲ ಸುರಿಯಿರಿ. ಹಳ್ಳಿಗಳಿಗಾಗಿಯೇ ಮಾಡಿದ, ಹೆಚ್ಚು ಇಳಿಜಾರಿನ ಬೇಸಿನ್ನಿನಲ್ಲಿ ಮಲಕ್ಕೇ ಒಂದೂವರೆಯಿಂದ ಎರಡು ಲೀಟರ್ ಸಾಕು. ಮೂತ್ರಕ್ಕೆ ಅರ್ಧ ಬಕೆಟ್ ಯಾಕೆ ಬೇಕು? ಲೆಕ್ಕ ಹಾಕಿ: 100 ಜನ ತಲಾ 7 ಲೀಟರ್ ಸುರಿದರೆ 700 ಲೀಟರ್. ತಲಾ ಒಂದು ಲೀಟರ್ ಆದರೆ 100. ದಿನಕ್ಕೆ 600 ಲೀಟರ್ ಉಳಿತಾಯ! ಬೇಸಿಗೆಯಲ್ಲಿ ಟ್ಯಾಂಕರಿಗೆ ಕೊಡ ಹಿಡಿದು ನಿಲ್ಲುವ ನಮಗೆ ಇದರ ಬೆಲೆ ಗೊತ್ತು.

ಮೂರನೆಯದಾಗಿ, ಗಂಡುಮಕ್ಕಳಿಗೂ ಕಲಿಸಿ. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾನಿಲಯದವರು 2013ರಲ್ಲಿ ತೋರಿಸಿದಂತೆ, ನಿಂತು ಮಾಡುವಾಗ ಧಾರೆ ಸುಮಾರು ಒಂದು ಗೇಣು ದೂರದೊಳಗೇ ಹನಿಹನಿಯಾಗಿ ಒಡೆಯುತ್ತದೆ. ದೂರ ನಿಂತರೆ ಆ ಹನಿಗಳೇ ಬಡಿದು ಸಿಡಿಯುತ್ತವೆ. ಆದ್ದರಿಂದ ಹತ್ತಿರ ನಿಲ್ಲಬೇಕು. ಎದುರು ಗೋಡೆಗೆ ನೇರವಾಗಿ ಬಿಡದೆ ಪಕ್ಕಕ್ಕೆ ಓರೆಯಾಗಿ ಬಿಡಬೇಕು. "ಹುಡುಗರು ಹಂಗೇ ಬಿಡಿ" ಅಂತ ನಾವು ಹೇಳಬಾರದು. ಅವರು ಸಿಡಿಸಿದ್ದನ್ನು ಬಕೆಟ್‌ಗಟ್ಟಲೆ ನೀರು ಹೊತ್ತು ತೊಳೆಯುವವಳು ಎಷ್ಟೋ ಕಡೆ ನಮ್ಮಂಥ ಒಬ್ಬ ಹೆಂಗಸೇ ಅಲ್ವಾ?

ಕೊನೆಯದಾಗಿ, ಎಲ್ಲವೂ ನಮ್ಮ ಕೈಯಲ್ಲೇ ಇಲ್ಲ. ಸಮತಟ್ಟು ಸಿಮೆಂಟು ನೆಲವನ್ನೇ ಮೂತ್ರಾಲಯ ಅಂತ ಬಿಟ್ಟರೆ ಎಷ್ಟು ಜಾಗ್ರತೆ ಮಾಡಿದರೂ ಸಿಡಿಯುತ್ತೆ. ಇಳಿಜಾರಿನ ಬೇಸಿನ್, ಬಕೆಟ್, ಮಗ್ಗು, ಒಳಗಿನಿಂದ ಹಾಕುವ ಚಿಲಕ, ದೀಪ ಬೇಕು ಅಂತ ಗ್ರಾಮಸಭೆಯಲ್ಲಿ ಕೇಳೋಣ. ಶಾಲೆಯ ಮೂತ್ರಾಲಯದ ಬಗ್ಗೆ ಎಸ್.ಡಿ.ಎಂ.ಸಿ. ಸಭೆಯಲ್ಲಿ ಕೇಳೋಣ. ಒಬ್ಬಳು ಕೇಳಿದರೆ ನಗ್ತಾರೆ, ಸಂಘವೇ ಎದ್ದು ನಿಂತರೆ ಬರೆದುಕೊಳ್ತಾರೆ. ಮುಂದಿನ ವಾರದ ಸಭೆಯಲ್ಲಿ ಇದನ್ನು ಚರ್ಚಿಸಿ, ನಡಾವಳಿ ಪುಸ್ತಕದಲ್ಲಿ ತೀರ್ಮಾನ ಬರೆಯಿರಿ.

ಪೇಟೆಗೆ ಹೋದ ದಿನವೂ ಹೊಟ್ಟೆ ತುಂಬಾ ನೀರು ಕುಡಿಯುವ ಧೈರ್ಯ ನಮಗೆಲ್ಲ ಬರಲಿ.