ನಾಲ್ವರ ಚದುರಂಗದಲ್ಲಿ ನೌಕೆಯ ನ್ಯಾಯ



ಇಬ್ಬರಾಡುವ ಚದುರಂಗವು ನಮಗೆಲ್ಲ ಪರಿಚಿತವಾದುದೇ. ನಾಲ್ವರು ದಾಳವನ್ನುರುಳಿಸಿ ಆಡುತ್ತಿದ್ದ ಚದುರಂಗವೊಂದುಂಟು. ವಂಗದೇಶದ ರಘುನಂದನನು 16ನೆಯ ಶತಮಾನದಲ್ಲಿ ರಚಿಸಿದ ‘ತಿಥಿತತ್ತ್ವ’ದಲ್ಲಿ ಅದರ ಕ್ರಮವು ವ್ಯಾಸ ಯುಧಿಷ್ಠಿರರ ಸಂವಾದರೂಪವಾಗಿ ಬಂದಿದೆ. 1790ರಲ್ಲಿ ವಿಲಿಯಂ ಜೋನ್ಸರು ಈ ಆಟವನ್ನು ಇಂಗ್ಲಿಷಿನಲ್ಲಿ ವಿವರಿಸಿದರು.

ಒಬ್ಬೊಬ್ಬನಿಗೂ ರಾಜ, ಆನೆ, ಕುದುರೆ, ನೌಕೆ, ನಾಲ್ಕು ಪದಾತಿಗಳು; ಇಬ್ಬಿಬ್ಬರು ಮಿತ್ರರು. ದಾಳದಲ್ಲಿ 5 ಬಿದ್ದರೆ ರಾಜನೋ ಪದಾತಿಯೋ, 4ಕ್ಕೆ ಆನೆ, 3ಕ್ಕೆ ಕುದುರೆ, 2ಕ್ಕೆ ನೌಕೆ ನಡೆಯಬೇಕು. ಇಷ್ಟು ಸ್ಪಷ್ಟ. ತೊಡಕಿರುವುದು ಹೊಡೆಯುವ ವಿಧಿಯಲ್ಲಿ.

ಪದಾತಿಯೂ ನೌಕೆಯೂ ಕೊಲ್ಲಬಹುದು, ಸಾಯಲೂ ಬಹುದು. ರಾಜ, ಆನೆ, ಕುದುರೆಗಳು ಕೊಲ್ಲಬೇಕೇ ಹೊರತು ತಮ್ಮನ್ನು ಸಾವಿಗೊಡ್ಡಿಕೊಳ್ಳಬಾರದು ಎಂಬುದು ಅಲ್ಲಿನ ಅಭಿಪ್ರಾಯ. ಇದು ನಿಷೇಧವೋ, ಹಿತವಚನವೋ? ನಿಷೇಧವೆಂದರೆ ರಾಜನನ್ನು ಯಾರೂ ಹೊಡೆಯುವಂತಿಲ್ಲ. ಆದರೆ ಉಳಿದ ಮೂವರು ರಾಜರನ್ನೂ ಹಿಡಿದವನಿಗೆ ‘ಚತುರಾಜಿ’ ಎಂಬ ಜಯವನ್ನು ಅದೇ ಗ್ರಂಥವು ವಿಧಿಸುತ್ತದೆ! ಆದುದರಿಂದ, ಬೆಲೆಯುಳ್ಳ ಕಾಯಿಗಳನ್ನು ವೃಥಾ ಬಲಿಗೊಡಬೇಡವೆಂಬ ಹಿತವಚನವೆಂದೇ ನಾವು ಇದನ್ನು ಗ್ರಹಿಸಬೇಕಾಗಿದೆ.

ಇನ್ನು ನೌಕೆಯ ವಿಚಾರ. ಅದು ಓರೆಯಾಗಿ ಎರಡನೆಯ ಮನೆಗೆ ನೆಗೆಯುತ್ತದೆ. ನಾಲ್ಕು ಮೂಲೆಗಳಲ್ಲಿ ನಿಂತ ನಾಲ್ಕು ನೌಕೆಗಳ ದಾರಿಯನ್ನು ಗುರುತಿಸಿ ನೋಡಿದರೆ, 64 ಮನೆಗಳಲ್ಲಿ ಒಂದೊಂದು ಮುಟ್ಟಬಲ್ಲವು 8 ಮಾತ್ರ. ಒಂದರ ಮನೆಗೆ ಇನ್ನೊಂದು ಎಂದಿಗೂ ಬಾರದು. ಎಂದಮೇಲೆ ನೌಕೆಯು ನೌಕೆಯನ್ನು ಹೊಡೆಯುವುದೆಂತು? ಅದಕ್ಕಾಗಿಯೇ ‘ಬೃಹನ್ನೌಕಾ’ ಎಂಬ ವಿಶೇಷವಿಧಿ: ಮೂರು ನೌಕೆಗಳು ಒತ್ತಟ್ಟಿಗೆ ಸೇರಿ, ನಾಲ್ಕನೆಯದು ಬಂದು ಚೌಕವನ್ನು ಪೂರ್ಣಗೊಳಿಸಿದರೆ, ಅದರ ಒಡೆಯನು ಉಳಿದ ಮೂರನ್ನೂ ವಶಪಡಿಸಿಕೊಳ್ಳುತ್ತಾನೆ. ಹಲಗೆಯ ನಟ್ಟನಡುವಿನ ನಾಲ್ಕು ಮನೆಗಳು ಇದಕ್ಕೆ ಒದಗುವ ಒಂದು ಸ್ಥಾನ.

ಆದರೆ ಆ ಮೂರರಲ್ಲಿ ಒಂದು ಮಿತ್ರನ ನೌಕೆ. ಅದನ್ನೂ ಹಲಗೆಯಿಂದ ತೆಗೆಯಬೇಕೆ, ಇಲ್ಲವೆ ಅದು ಗೆದ್ದವನ ಆಜ್ಞೆಯಲ್ಲಿ ನಡೆಯುತ್ತ ಉಳಿಯುವುದೆ? ‘ವಶ’ವೆಂಬ ಒಂದೇ ಮಾತು ಎರಡಕ್ಕೂ ಸಲ್ಲುತ್ತದೆ. ಪಣವೊಡ್ಡಿ ಆಡುವ ಕೂಟದಲ್ಲಿ ಇದು ಅಲ್ಪವಾದ ಸಂದೇಹವಲ್ಲ. ಸೋಲುಗೆಲವುಗಳೂ ಸ್ನೇಹವೂ ಇದರಿಂದ ಕದಲಬಹುದು.

ಆಡಬಲ್ಲವರು ಎದುರಿಗಿದ್ದಾಗ ಬರಹದ ಕೊರತೆಯನ್ನು ಅವರ ಬಾಯಿಮಾತೇ ತುಂಬುತ್ತದೆ. ಅವರು ಮರೆಯಾದ ಮೇಲೆ ಉಳಿಯುವುದು ಸೂತ್ರ ಮಾತ್ರ. ಆದಕಾರಣ ಹಳೆಯ ಆಟವನ್ನು ಮತ್ತೆ ಹೂಡುವವರು, ಮೊದಲ ದಾಳವು ಉರುಳುವ ಮುನ್ನವೇ ಇಂಥ ಸಂದೇಹಗಳನ್ನು ತಮ್ಮತಮ್ಮೊಳಗೆ ನಿರ್ಣಯಿಸಿ ಬರೆದಿಟ್ಟುಕೊಳ್ಳುವುದು ಲೇಸು. ನೌಕೆಗಳು ಕೂಡಿದ ಮೇಲೆ ತೆಗೆದ ನ್ಯಾಯವು, ಎಷ್ಟೇ ಸರಿಯಾಗಿರಲಿ, ಸೋತವನಿಗೆ ಅನ್ಯಾಯವಾಗಿಯೇ ತೋರುವುದಲ್ಲವೆ?